ಒಂದೇ ಬ್ಯಾಟರಿ, ಇಬ್ಬರು ವೈದ್ಯರು

2019ರ ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತಿದ್ದಾಗ, ತಲೆ ಬಗ್ಗಿಸಿದ ಕೂಡಲೇ ಕುತ್ತಿಗೆಯಿಂದ ಸೊಂಟದವರೆಗೆ ಕರೆಂಟು ಹೊಡೆದಂತೆ ಆಗತೊಡಗಿತು. ತಲೆ ಎತ್ತಿದರೆ ಏನೂ ಇಲ್ಲ, ಬಗ್ಗಿಸಿದರೆ ಮತ್ತೆ ಅದೇ. ವಾರದೊಳಗೆ ಎರಡೂ ಪಾದಗಳಿಗೆ ಜೋಮು ಹಿಡಿದು, ಅದು ಮೆಲ್ಲನೆ ಮೇಲೇರಿ, ಸೊಂಟದ ಸುತ್ತ ಉಡದಾರವನ್ನು ಯಾರೋ ಬಿಗಿದು ಕಟ್ಟಿದ ಹಾಗೆ ಅಲ್ಲಿಯೇ ನಿಂತಿತು. ನಾನು ಬಾಗಲಕೋಟೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಆಗ ನನಗೆ ಮೂವತ್ತೊಂದು ವರ್ಷ.

ನವನಗರದಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇರುವ ಡಾಕ್ಟರು ನಮ್ಮ ಮಾವನವರ ಕಾಲದಿಂದಲೂ ಮನೆಯ ಡಾಕ್ಟರು. ಅವರು ರಕ್ತ ತಪಾಸಣೆ ಮಾಡಿಸಿದರು. ಬಿ12 ಜೀವಸತ್ವ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ಕುತ್ತಿಗೆಯ ಎಕ್ಸ್‌ರೇಯಲ್ಲಿ ಎಲುಬು ತುಸು ಸವೆದಂತೆ ಕಂಡಿತು. ಬಿ12 ಸೂಜಿ ಹತ್ತು, ಕುತ್ತಿಗೆಗೊಂದು ಪಟ್ಟಿ, ದಿಂಬಿಲ್ಲದೆ ಮಲಗುವುದು, ಇಷ್ಟು ಚಿಕಿತ್ಸೆ. ಐದು ವಾರ ಕಳೆಯುವಷ್ಟರಲ್ಲಿ ಜೋಮು ಇಳಿದು ಹೋಯಿತು. ಮನೆಯವರೆಲ್ಲರೂ ಸೂಜಿಯ ಗುಣವನ್ನು ಹೊಗಳಿದರು, ನಾನೂ ಹೊಗಳಿದೆ.

ಆ ಚಿಕಿತ್ಸೆಯನ್ನು ಇಂದು ಅಜ್ಞಾನವೆಂದು ಬರೆಯಲು ನನಗೆ ಮನಸ್ಸಿಲ್ಲ. ನಾವು ಮಾಂಸ ಮುಟ್ಟದ ಮನೆತನದವರು. ನಮ್ಮಂಥವರಲ್ಲಿ ಬಿ12 ಕೊರತೆ ಹೆಚ್ಚು, ಅದು ಬೆನ್ನುಹುರಿಗೆ ತಾಗಿದರೆ ಜೋಮು ಹಾಗೂ ತಲೆ ಬಗ್ಗಿಸಿದಾಗಿನ ಕರೆಂಟು ಎರಡೂ ಬರುತ್ತವೆ. ದಿನಕ್ಕೆ ನೂರು ಜನರನ್ನು ನೋಡುವ ವೈದ್ಯರು ಮೊದಲು ಸಾಮಾನ್ಯ ಕಾರಣವನ್ನು ಹುಡುಕುವುದು ನ್ಯಾಯವೇ. ಆದರೆ ಮುಂದೆ ನನಗೆ ಇದೆಯೆಂದು ಗೊತ್ತಾದ, ಮೈಯ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹರಿಯುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ಕಾಯಿಲೆಯ ಒಂದು ಸ್ವಭಾವವೆಂದರೆ, ಆರಂಭದ ವರ್ಷಗಳಲ್ಲಿ ಅದರ ದಾಳಿ ಹೆಚ್ಚಿನ ಸಲ ಔಷಧಿ ಕೊಟ್ಟರೂ ಕೊಡದಿದ್ದರೂ ಕೆಲವು ವಾರಗಳಲ್ಲಿ ತಾನಾಗಿಯೇ ಬಹುಮಟ್ಟಿಗೆ ಇಳಿಯುತ್ತದೆ. ಆದ್ದರಿಂದ ಆ ಹೊತ್ತಿಗೆ ಯಾವ ಗುಳಿಗೆ ನಡೆದಿರುತ್ತದೋ ಅದಕ್ಕೆ ಹೆಸರು ಬರುತ್ತದೆ. ನಮ್ಮ ಡಾಕ್ಟರೂ ನಾನೂ ಸೇರಿ ಹೀಗೆ ಎರಡು ವರ್ಷ ಮೋಸ ಹೋದೆವು.

ಎರಡನೆಯ ಸಲ ಅದು ಕಣ್ಣಿಗೆ ಬಂತು. 2021ರ ಶ್ರಾವಣದಲ್ಲಿ ಪೂಜೆಗೆಂದು ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಾಗ ಅದರ ಟೋಪ ತೆನಿ ಸೆರಗಿನ ಕೆಂಪು ಮಾಸಿದ ಹಾಗೆ ಕಂಡಿತು. ಒಗೆಯುವಾಗ ಬಣ್ಣ ಬಿಟ್ಟಿರಬೇಕೆಂದು ಅತ್ತೆಯವರಿಗೆ ತೋರಿಸಿದೆ. ಅವರು ಕೆಂಪಾಗಿಯೇ ಇದೆಯಲ್ಲ ಎಂದರು. ಅನುಮಾನ ಬಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಸೆರಗು ಕುಂಕುಮದಷ್ಟು ಕೆಂಪು, ಬಲಗಣ್ಣಿಗೆ ಹಳೆಯ ಇಟ್ಟಿಗೆಯ ಬಣ್ಣ. ಮರುದಿನದಿಂದ ಬಲಗಣ್ಣನ್ನು ಆಚೀಚೆ ಹೊರಳಿಸಿದರೆ ಹಿಂಭಾಗದಲ್ಲಿ ನೋವು, ಮೂರನೆಯ ದಿನಕ್ಕೆ ಕರಿಹಲಗೆಯ ಮೇಲೆ ನಾನೇ ಬರೆದ ಅಕ್ಷರದ ಮೇಲೆ ಮಂಜು.

ಮನೆಯ ಡಾಕ್ಟರು ಮೇಜಿನ ಖಾನೆಯಿಂದ ಸಣ್ಣ ಬ್ಯಾಟರಿ ತೆಗೆದು ಬಲಗಣ್ಣಿಗೆ ಬೆಳಕು ಬಿಟ್ಟರು, ಆರಿಸಿದರು, ಕೆಲಹೊತ್ತಿನ ನಂತರ ಎಡಗಣ್ಣಿಗೆ ಬಿಟ್ಟರು. “ಎರಡೂ ಪಾಪಿ ಛಲೋ ಸಣ್ಣಾಗ್ತಾವು ನೋಡ್ರಿ ಅಕ್ಕೋರ, ಒಳಗೇನೂ ತ್ರಾಸಿಲ್ಲ. ಆದರೂ ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಸ್ರಿ” ಎಂದರು. ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಪರದೆಯನ್ನು ನೋಡಿ, ಅಲ್ಲಿಯೂ ಏನೂ ಕಾಣದೆ, ನರಕ್ಕೆ ಬಾವು ಬಂದಿರಬಹುದೆಂದು ದಿನಕ್ಕೆ 60 ಮಿಲಿಗ್ರಾಮಿನಂತೆ ಸ್ಟೀರಾಯ್ಡ್ ಗುಳಿಗೆ ಬರೆದರು. ಹದಿನೈದು ದಿನ ನುಂಗಿದೆ. ನಿದ್ದೆ ಹೋಯಿತು, ಹಸಿವು ಹೆಚ್ಚಾಯಿತು, ದೃಷ್ಟಿ ಮಾತ್ರ ಅರ್ಧಕ್ಕೆ ಬಂದು ನಿಂತಿತು. ಕೊನೆಗೆ ಬೆಳಗಾವಿಗೆ ಹೋಗಬೇಕೆಂದು ಹೇಳಿದವರೂ ಮನೆಯ ಡಾಕ್ಟರೇ. “ಇದು ನನ್ನ ಕೈಯಾಗಿಂದಲ್ಲ” ಎಂದು ಅವರು ಒಂದು ಚೀಟಿಯಲ್ಲಿ ಎರಡೇ ಸಾಲು ಬರೆದು ಕೊಟ್ಟರು. ಅದರಲ್ಲಿ ಕಣ್ಣಿನ ವಿಷಯವಿತ್ತು. ಎರಡು ವರ್ಷದ ಹಿಂದಿನ ಜೋಮಿನ ವಿಷಯ ಇರಲಿಲ್ಲ. ಇರಬೇಕೆಂದು ನನಗೂ ಹೊಳೆಯಲಿಲ್ಲ.

ಲೋಕಾಪುರ, ಯರಗಟ್ಟಿ ಹಾದು ಬೆಳಗಾವಿ ಸೇರುವಷ್ಟರಲ್ಲಿ ಅರ್ಧ ದಿನ, ನರರೋಗ ತಜ್ಞರ ಬಾಗಿಲಲ್ಲಿ ಕಾಯುವಷ್ಟರಲ್ಲಿ ಉಳಿದರ್ಧ ಕಳೆಯಿತು. ಆದರೆ ಒಳಗೆ ಹೋದ ಮೇಲೆ ಅವರು ಕಣ್ಣಿನ ಮಾತನ್ನೇ ಎತ್ತಲಿಲ್ಲ. ಕಳೆದ ಹತ್ತು ವರ್ಷಗಳಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಾಲ ಇದ್ದು ತಾನಾಗಿ ಹೋದ ಜೋಮು, ತಲೆಸುತ್ತು, ಎರಡೆರಡಾಗಿ ಕಾಣುವುದು, ಮೂತ್ರ ತಡೆಯಲಾಗದಿರುವುದು ಇವುಗಳಲ್ಲಿ ಯಾವುದಾದರೂ ಆಗಿತ್ತೇ ಎಂದು ಒಂದೊಂದನ್ನೇ ಬಿಡಿಸಿ ಕೇಳಿದರು. ನಾನು ಉಡದಾರದ ಮಾತು ಹೇಳಿದಾಗ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಪಾಪೆ ಹಿಗ್ಗಿಸುವ ಹನಿಯ ಬಾಟಲಿಯ ಕೆಂಪು ಮುಚ್ಚಳವನ್ನು ಎರಡೂ ಕಣ್ಣಿಗೆ ಬೇರೆ ಬೇರೆಯಾಗಿ ತೋರಿಸಿ, ಎಡಗಣ್ಣಿನ ಕೆಂಪನ್ನು ನೂರೆಂದು ಹಿಡಿದರೆ ಬಲಗಣ್ಣಿನ ಕೆಂಪು ಎಷ್ಟು ಎಂದು ಕೇಳಿದರು. ನಾನು ನಲವತ್ತು ಎಂದೆ.

ಆಮೇಲೆ ಅವರೂ ಬ್ಯಾಟರಿಯನ್ನೇ ತೆಗೆದರು. ನಮ್ಮೂರಿನ ಡಾಕ್ಟರ ಬಳಿ ಇದ್ದಂಥದೇ ಬ್ಯಾಟರಿ. ಕೋಣೆಯ ದೀಪ ಆರಿಸಿ, ಎಡಗಣ್ಣಿನ ಮೇಲೆ ಬೆಳಕನ್ನು ಎರಡು ಮೂರು ಕ್ಷಣ ನಿಲ್ಲಿಸಿ, ಆರಿಸದೆ ಥಟ್ಟನೆ ಬಲಗಣ್ಣಿಗೆ ಸರಿಸಿದರು; ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಪಕ್ಕದಲ್ಲಿ ನಿಂತಿದ್ದ ನನ್ನ ಪತಿಯನ್ನು ಹತ್ತಿರ ಕರೆದು ತೋರಿಸಿದರು: ಬೆಳಕು ಬಲಗಣ್ಣಿಗೆ ಬಂದಾಗ ಪಾಪೆ ಸಣ್ಣದಾಗುವ ಬದಲು ಹಿಗ್ಗುತ್ತಿತ್ತು. ಕಣ್ಣಿನ ನರ ಭಾಗಶಃ ಕೆಟ್ಟಿದ್ದರೂ ಅದಕ್ಕೊಂದಕ್ಕೇ ಬೆಳಕು ಬಿಟ್ಟರೆ ಪಾಪೆ ಅಷ್ಟಿಷ್ಟು ಕುಗ್ಗಿಯೇ ಕುಗ್ಗುತ್ತದೆ, ಆದ್ದರಿಂದ ಸರಿಯಾಗಿರುವಂತೆ ತೋರುತ್ತದೆ. ಒಳ್ಳೆಯ ಕಣ್ಣಿನೊಂದಿಗೆ ಬೆನ್ನುಬೆನ್ನಿಗೆ ಹೋಲಿಸಿದಾಗಲೇ ಅದರ ಕೊರತೆ ಬಯಲಾಗುವುದು. ಒಳಪರದೆ ಚೆನ್ನಾಗಿದ್ದದ್ದೂ ವಿಚಿತ್ರವಲ್ಲವಂತೆ. ಬಾವು ಕಣ್ಣುಗುಡ್ಡೆಯ ಹಿಂದೆ ನರದಲ್ಲಿ ಇದ್ದಾಗ, ರೋಗಿಗೂ ಏನೂ ಕಾಣುವುದಿಲ್ಲ, ವೈದ್ಯರಿಗೂ ಏನೂ ಕಾಣುವುದಿಲ್ಲ ಎಂಬ ಮಾತು ಅವರ ವೃತ್ತಿಯಲ್ಲಿ ಹಳೆಯದು ಎಂದು ನಕ್ಕರು.

ಸ್ಟೀರಾಯ್ಡ್ ಗುಳಿಗೆಯ ಚೀಟಿಯನ್ನು ನೋಡಿದಾಗ ಮಾತ್ರ ಅವರು ನಗಲಿಲ್ಲ. ಕಣ್ಣಿನ ನರದ ಬಾವಿನ ಮೇಲೆ ಅಮೆರಿಕದಲ್ಲಿ 457 ಜನರನ್ನು ಸೇರಿಸಿಕೊಂಡು ನಡೆದ, 1992ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆ ಪ್ರಮಾಣದ ಗುಳಿಗೆಯನ್ನಷ್ಟೇ ನುಂಗಿದವರಲ್ಲಿ ಬಾವು ಮರುಕಳಿಸುವುದು ಹೆಚ್ಚಾಗಿ ಕಂಡಿತ್ತು. ದೊಡ್ಡ ಪ್ರಮಾಣವನ್ನು ಸಲಾಯಿನ್ ಮೂಲಕ ಕೊಟ್ಟರೆ ದೃಷ್ಟಿ ಬೇಗ ಮರಳುತ್ತದೆ, ಆದರೆ ತಿಂಗಳುಗಳು ಕಳೆದ ಮೇಲೆ ನೋಡಿದರೆ ಕೊಟ್ಟವರಿಗೂ ಕೊಡದವರಿಗೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ. ನನಗಾಗಲೇ ಐದು ವಾರ ದಾಟಿದ್ದರಿಂದ ಅದೂ ಬೇಡವೆಂದರು. ಮೂವತ್ತು ವರ್ಷದ ಹಿಂದಿನ ಪಾಠ ಇನ್ನೂ ಎಲ್ಲ ಚೀಟಿಗಳಿಗೂ ತಲುಪಿಲ್ಲವೆಂಬುದು ನನಗೆ ಅಂದು ಕಹಿಯಾಗಿಯೇ ತಾಗಿತು.

ಪರೀಕ್ಷೆಗಳು ಸಾಲಾಗಿ ನಡೆದವು. ಮಿದುಳು ಹಾಗೂ ಬೆನ್ನುಹುರಿಯ ಎಂ.ಆರ್.ಐ.ನಲ್ಲಿ ಮಿದುಳಿನ ಒಳಕೋಣೆಗಳ ಅಂಚಿಗೆ ಹಲವು ಬಿಳಿ ಮಚ್ಚೆಗಳು, ಕುತ್ತಿಗೆಯ ಹುರಿಯಲ್ಲಿ ಒಂದು. ಸೂಜಿಯಲ್ಲಿ ಕೊಟ್ಟ ಕಾಂಟ್ರಾಸ್ಟ್ ಔಷಧಿಯನ್ನು ಕೆಲವು ಮಚ್ಚೆಗಳು ಹೀರಿ ಬೆಳಗಿದವು, ಕೆಲವು ಇಲ್ಲ; ಬೆಳಗಿದವು ಹೊಸವು, ಬೆಳಗದವು ಹಳೆಯವು. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಹಾನಿ ಆಗಿದೆಯೆಂದು ತೋರಿಸುವುದು ಆಗ ಈ ಕಾಯಿಲೆಯ ಗುರುತಿನ ಮೂಲ ನಿಯಮವಾಗಿತ್ತು. ಬೆನ್ನಿನ ನೀರು ತೆಗೆದು ರಕ್ತದೊಂದಿಗೆ ಹೋಲಿಸಿದಾಗ, ರಕ್ತದಲ್ಲಿಲ್ಲದ ಪ್ರತಿಕಾಯಗಳ ಪಟ್ಟಿಗಳು ನೀರಿನಲ್ಲಿ ಸಿಕ್ಕವು. ಇಷ್ಟಾದರೂ ತಜ್ಞರು ಔಷಧಿ ಬರೆಯದೆ ಇನ್ನೂ ಎರಡು ರಕ್ತ ಪರೀಕ್ಷೆಗಳ ಫಲಿತಾಂಶಕ್ಕಾಗಿ ಕಾಯಿಸಿದರು. ಕಣ್ಣಿನ ನರ ಮತ್ತು ಬೆನ್ನುಹುರಿಗಳೆರಡನ್ನೂ ಹಿಡಿಯುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ಕಾಯಿಲೆ ಇದೆ. ಬಹುಕಾಲ ಅದನ್ನು ಎಂ.ಎಸ್.ನ ಒಂದು ಬಗೆಯೆಂದೇ ತಿಳಿದಿದ್ದರು, 2004ರಲ್ಲಿ ಅದರದೇ ಆದ ಪ್ರತಿಕಾಯ ಪತ್ತೆಯಾದ ಮೇಲೆ ಬೇರೆಯಾಯಿತು. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್‌ನಂಥ ಔಷಧಿ ಅದನ್ನು ಕೆರಳಿಸಬಹುದು. ಹೆಸರನ್ನು ಖಚಿತಪಡಿಸಿಕೊಳ್ಳಲು ತಜ್ಞರು ತೆಗೆದುಕೊಂಡ ಆ ಮೂರು ವಾರಗಳ ಬೆಲೆ ನನಗೆ ಆಗ ಗೊತ್ತಾಗದೆ ನಾನು ಸಿಡಿಮಿಡಿಗೊಂಡಿದ್ದೆ. ಎರಡೂ ಪರೀಕ್ಷೆಗಳಲ್ಲಿ ಏನೂ ಇಲ್ಲವೆಂದು ಬಂದಿತು, ಎಂ.ಎಸ್. ಎಂಬ ಹೆಸರು ನಿಂತಿತು.

ಊರಿಗೆ ಬಂದು ಹೇಳಿದಾಗ ಮನೆಯ ಡಾಕ್ಟರು ಬಹಳ ಹೊತ್ತು ಮಾತಾಡಲಿಲ್ಲ. “ನಾವು ಓದೂ ಮುಂದ ಇದಕ್ಕ ಔಷಧಾನ ಇರಲಿಲ್ರಿ. ಪುಸ್ತಕದಾಗ ಅರ್ಧ ಪುಟ ಇತ್ತು, ಪರೀಕ್ಷಾಕ್ಕೂ ಬರ್ತಿರಲಿಲ್ಲ” ಎಂದರು. ಅವರು ಎಂಬತ್ತರ ದಶಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು. ಪ್ಯಾರಿಸ್ಸಿನ ಜೀನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ವರ್ಣಿಸಿದ ಮೇಲೆ, ಅದರ ದಾಳಿಗಳನ್ನು ಕಡಿಮೆ ಮಾಡುವ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ಅಂದರೆ ಸಾಮಾನ್ಯ ವೈದ್ಯರಿಗೂ ತಜ್ಞರಿಗೂ ನಡುವೆ ಇರುವ ಅಂತರ ಬುದ್ಧಿಯದಲ್ಲ. ಒಬ್ಬರ ಕಾಲೇಜು ಮುಗಿದ ಮೇಲೆಯೇ ಈ ಕಾಯಿಲೆಯ ಚಿಕಿತ್ಸೆ ಎಂಬುದು ಹುಟ್ಟಿಕೊಂಡಿತು. ಬೇಗ ಗುರುತು ಹಿಡಿದಷ್ಟೂ ಒಳ್ಳೆಯದೆಂಬ ಆತುರವೂ ಆ ಔಷಧಿಗಳೊಂದಿಗೇ ಬಂದದ್ದು.

ನನಗೆ ಡೈಮಿಥೈಲ್ ಫ್ಯೂಮರೇಟ್ ಎಂಬ ಗುಳಿಗೆ ಶುರುವಾಯಿತು. ಮೊದಲ ವಾರ 120 ಮಿಲಿಗ್ರಾಮ್ ದಿನಕ್ಕೆರಡು ಸಲ, ಆಮೇಲೆ 240. ಎರಡನೆಯ ವಾರ ಒಂದು ಮುಂಜಾನೆ ಬರಿ ಚಹಾದ ಮೇಲೆ ಗುಳಿಗೆ ನುಂಗಿ ಶಾಲೆಗೆ ಹೊರಟವಳಿಗೆ ಮುಖ, ಕಿವಿ, ಎದೆಯೆಲ್ಲ ಕೆಂಪೇರಿ, ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯತೊಡಗಿತು. ಮನೆಯ ಡಾಕ್ಟರು ಅಲರ್ಜಿಯೆಂದು ಸೂಜಿ ಕೊಟ್ಟು, ಈ ಗುಳಿಗೆ ಒಗ್ಗುವುದಿಲ್ಲ, ನಿಲ್ಲಿಸಿರಿ ಎಂದರು. ಹನ್ನೊಂದು ದಿನ ನಿಲ್ಲಿಸಿದೆ. ಬೆಳಗಾವಿಗೆ ಫೋನು ಹಚ್ಚಿದಾಗ ತಿಳಿದದ್ದು, ಅದು ಅಲರ್ಜಿಯಲ್ಲ, ಆ ಗುಳಿಗೆಯ ಹುಟ್ಟುಗುಣ, ಹೊಟ್ಟೆ ತುಂಬ ತಿಂದ ಮೇಲೆ ನುಂಗಿದರೆ ಕಡಿಮೆಯಾಗುತ್ತದೆ ಎಂದು. ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ತಿಂದು ನುಂಗತೊಡಗಿದ ಮೇಲೆ ಉರಿ ಹತ್ತಿಪ್ಪತ್ತು ನಿಮಿಷದ ಬೆಚ್ಚಗಿಗೆ ಇಳಿಯಿತು, ಎರಡು ತಿಂಗಳಲ್ಲಿ ಅದೂ ಹೋಯಿತು.

ತಪ್ಪು ಯಾರದೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ನಮ್ಮ ಡಾಕ್ಟರು ಆ ಗುಳಿಗೆಯ ಹೆಸರನ್ನು ಮೊದಲ ಬಾರಿಗೆ ಕೇಳಿದ್ದು ನನ್ನ ಕೆಂಪು ಮುಖವನ್ನು ನೋಡುತ್ತಿರುವಾಗ. ಬೆಳಗಾವಿಯ ತಜ್ಞರು ನನಗೆ ಎಲ್ಲವನ್ನೂ ವಿವರಿಸಿದ್ದರು, ಆದರೆ ನನ್ನ ಊರಿನಲ್ಲಿ ಒಬ್ಬ ಡಾಕ್ಟರು ಇದ್ದಾರೆ ಎಂಬುದು ಅವರ ಕಡತದಲ್ಲಿ ಎಲ್ಲಿಯೂ ಇರಲಿಲ್ಲ. ನಡುವೆ ಇದ್ದವಳು ನಾನು. ನಾನೂ ಇಬ್ಬರ ಮಾತನ್ನು ಇಬ್ಬರಿಗೆ ಮುಟ್ಟಿಸಿರಲಿಲ್ಲ. ಸತ್ಯ ಹೇಳಬೇಕೆಂದರೆ, ಬೆಳಗಾವಿಗೆ ಹೋಗಿ ಬಂದ ಮೇಲೆ ಮನೆಯ ಡಾಕ್ಟರು ನೆಗಡಿ ಕೆಮ್ಮಿಗೆ ಸಾಕು ಎಂಬ ಒಂದು ಸಣ್ಣ ತಾತ್ಸಾರ ನನ್ನಲ್ಲಿ ಬಂದಿತ್ತು.

ಅದನ್ನು ಬಿಡಿಸಿದ್ದು 2023ರ ಏಪ್ರಿಲ್. ನಮ್ಮ ಕಡೆಯ ಬಿಸಿಲು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಮುಂಜಾನೆ ಹಂಚಿನ ಮುಂದೆ ಕುಳಿತು ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ನನ್ನ ಬಲಗಣ್ಣು ಮಬ್ಬಾಗುತ್ತದೆ. ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಕುಳಿತರೆ ತಾನಾಗಿ ತಿಳಿಯಾಗುತ್ತದೆ. ಹೊದಿಕೆ ಹರಿದ ನರದಲ್ಲಿ ಮೈ ಬಿಸಿಯಾದೊಡನೆ ಸಂದೇಶ ಸಾಗುವುದಕ್ಕೆ ತೊಡಕಾಗುತ್ತದೆ; ಇದನ್ನು 1890ರಲ್ಲಿ ಗುರುತಿಸಿದ ಜರ್ಮನಿಯ ಕಣ್ಣಿನ ವೈದ್ಯ ಊಟಾಫ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಹಳೆಯ ಗಾಯವೇ ಹೊರತು ಹೊಸದಲ್ಲ. ಇಷ್ಟು ನನಗೆ ಗೊತ್ತಿತ್ತು. ಆದರೆ ಆ ಏಪ್ರಿಲ್‌ನಲ್ಲಿ ಎರಡೂ ಕಾಲುಗಳು ಮರಳುಚೀಲದಂತಾಗಿ, ಫ್ಯಾನಿಗೂ ಜಗ್ಗದೆ, ಮೂರು ದಿನ ಹಾಗೆಯೇ ಉಳಿದವು. ಇಪ್ಪತ್ತನಾಲ್ಕು ತಾಸಿಗಿಂತ ಹೆಚ್ಚು ಉಳಿದರೆ ದಾಳಿಯೆಂದು ತಿಳಿಯಬೇಕೆಂದು ಕಲಿತಿದ್ದ ನಾನು ಬೆಳಗಾವಿಗೆ ಫೋನು ಮಾಡಿದೆ. ತಜ್ಞರು ಊರಲ್ಲಿರಲಿಲ್ಲ. ಅವರ ಕೈಕೆಳಗಿನ ಕಿರಿಯ ವೈದ್ಯರು ಎರಡು ನಿಮಿಷ ಕೇಳಿ, ನಾಳೆಯೇ ಬಂದು ದಾಖಲಾಗಿರಿ, ದಿನಕ್ಕೆ ಒಂದು ಗ್ರಾಮಿನಂತೆ ಐದು ದಿನ ಸ್ಟೀರಾಯ್ಡ್ ಸಲಾಯಿನ್ ಹಚ್ಚಬೇಕಾಗುತ್ತದೆ ಎಂದರು.

ಹೋಗುವ ಮುನ್ನ ಸಕ್ಕರೆ ಪರೀಕ್ಷೆಗೆಂದು ಮನೆಯ ಡಾಕ್ಟರ ಬಳಿ ಹೋದೆ. ಅವರು ಮೊದಲು ಕೇಳಿದ್ದು ಕಾಲಿನ ಮಾತಲ್ಲ. “ಒಂದಕ್ಕ ಹೋಗೂ ಮುಂದ ಉರಿ ಐತೇನ್ರಿ?” ನಾಲ್ಕು ದಿನಗಳಿಂದ ಇತ್ತು, ಬಿಸಿಲಿಗೆಂದು ಸುಮ್ಮನಿದ್ದೆ. ಶಾಲೆಯಲ್ಲಿ ಶೌಚಾಲಯದ ಅನುಕೂಲವಿಲ್ಲದೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ನನ್ನ ಚಟ ಅವರಿಗೆ ಹದಿನೈದು ವರ್ಷಗಳಿಂದ ಗೊತ್ತು. ಜ್ವರ ಮೇಲೆ ತೋರುತ್ತಿರಲಿಲ್ಲ, ಥರ್ಮಾಮೀಟರು 99.8 ತೋರಿಸಿತು. ಮೂತ್ರದಲ್ಲಿ ಸೋಂಕು ಇತ್ತು. “ಈ ಸೋಂಕಿನ ಮ್ಯಾಲೆ ಐದು ಗ್ರಾಮ್ ಸ್ಟೀರಾಯ್ಡ್ ಹಾಕಿದ್ರ ಏನಾಗ್ತಿತ್ತು? ನಿಮ್ಮ ತಾಯಿಗೆ ಸಕ್ರಿ, ನಿಮ್ಮ ಮೂರು ತಿಂಗಳ ಸರಾಸರಿ 6.2 ಐತಿ. ಮೊದಲ ಇದನ್ನ ಇಳಸೋಣು, ಆಮ್ಯಾಲೆ ಕಾಲ ನೋಡೋಣು” ಎಂದು ಆಂಟಿಬಯೋಟಿಕ್ ಬರೆದರು. ನಾಲ್ಕನೆಯ ದಿನ ನಾನು ಗೋಡೆ ಹಿಡಿಯದೆ ಮೆಟ್ಟಿಲು ಇಳಿದೆ.

ಮುಂದಿನ ಭೇಟಿಯಲ್ಲಿ ತಜ್ಞರು ಇದನ್ನು ಕೇಳಿ, ಅವರು ಮಾಡಿದ್ದೇ ಸರಿ ಎಂದರು. ಜ್ವರ ಅಥವಾ ಸೋಂಕು ಇರುವಾಗ ಹಳೆಯ ಲಕ್ಷಣಗಳು ಎದ್ದು ಕುಳಿತರೆ ಅದು ನಿಜವಾದ ದಾಳಿಯಲ್ಲ, ದಾಳಿಯ ವೇಷ; ಸ್ಟೀರಾಯ್ಡಿಗೆ ಮೊದಲು ಮೂತ್ರ ನೋಡಬೇಕೆಂಬುದು ಅವರ ಶಾಸ್ತ್ರದಲ್ಲಿಯೇ ಇರುವ ಮಾತು. ಶಾಸ್ತ್ರ ಬೆಳಗಾವಿಯಲ್ಲಿತ್ತು, ರೋಗಿ ಬಾಗಲಕೋಟೆಯಲ್ಲಿದ್ದಳು. ಫೋನಿನಲ್ಲಿ ಆ ಪ್ರಶ್ನೆ ಬರಲಿಲ್ಲ. ಕಾಯಿಲೆಯನ್ನು ಬಲ್ಲವರು ತಜ್ಞರು, ಕಾಯಿಲೆ ಬಂದ ನನ್ನನ್ನು ಬಲ್ಲವರು ಮನೆಯ ಡಾಕ್ಟರು. ಇದು ಅಂದಿನಿಂದ ನನಗೆ ಬಾಯಿಮಾತಾಗಿ ಉಳಿದಿಲ್ಲ.

ಅಂದೇ ನಾನು ತಜ್ಞರನ್ನು ಒಂದು ಪತ್ರ ಬರೆದುಕೊಡಲು ಕೇಳಿದೆ. ಒಂದೇ ಪುಟ. ಕಾಯಿಲೆಯ ಹೆಸರು, ಯಾವ ವರ್ಷ ಎಲ್ಲಿ ದಾಳಿ, ಈಗಿನ ಗುಳಿಗೆ ಮತ್ತು ಅದರ ಸಹಜ ತೊಂದರೆಗಳು, ಯಾವ ಲಕ್ಷಣ ಬಂದರೆ ಊರಲ್ಲೇ ನೋಡಬಹುದು, ಯಾವುದು ಬಂದರೆ ಅಂದೇ ಫೋನು ಮಾಡಬೇಕು, ಮಾಡಬೇಕಾದ ನಂಬರು. ಮನೆಯ ಡಾಕ್ಟರು ಅದನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು. “ಇದನ್ನ ಮೊದಲ ಕೊಟ್ಟಿದ್ರ ನಾ ಯಾಕ ಅಲರ್ಜಿ ಸೂಜಿ ಮಾಡ್ತಿದ್ದೆ ಅಕ್ಕೋರ?” ಎಂದು ಬೇಸರದಿಂದಲೇ ಕೇಳಿ, ಖಾನೆಯಿಂದ ಬ್ಯಾಟರಿ ತೆಗೆದರು. ಬಲಗಣ್ಣಿನ ಪಾಪೆಯ ವಿಷಯವೂ ಪತ್ರದಲ್ಲಿತ್ತು. ಬೆಳಕನ್ನು ಎಡದಿಂದ ಬಲಕ್ಕೆ ಸರಿಸಿ, ಮತ್ತೊಮ್ಮೆ ಸರಿಸಿ, “ಹೌದಲ್ಲ” ಎಂದು ತಮಗೆ ತಾವೇ ಹೇಳಿಕೊಂಡರು.

ಈಗಿರುವ ತಕರಾರು ರಕ್ತದ ಲೆಕ್ಕದ್ದು. ನನ್ನ ಗುಳಿಗೆ ಲಿಂಫೋಸೈಟ್ ಎಂಬ ಬಿಳಿ ಕಣಗಳನ್ನು ಇಳಿಸಬಹುದು. ಅವು ತೀರ ಇಳಿದು ಹಾಗೆಯೇ ಉಳಿದರೆ, ಬಹಳ ಜನರ ಮೈಯಲ್ಲಿ ಸುಮ್ಮನೆ ಮಲಗಿರುವ ಜೆ.ಸಿ. ಎಂಬ ವೈರಸ್ಸು ಎದ್ದು ಮಿದುಳಿಗೆ ಇಳಿಯುವ ಅಪಾಯ ಅಪರೂಪಕ್ಕಾದರೂ ಇದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ರಕ್ತ ನೋಡಿಸುತ್ತೇನೆ. ಕಳೆದ ಸಲದ ವರದಿಯಲ್ಲಿ ಒಟ್ಟು ಬಿಳಿ ಕಣಗಳು 5,200 ಇದ್ದವು, ಮನೆಯ ಡಾಕ್ಟರು ಅದರ ಮೇಲೆ ಸರಿ ಎಂದು ಗುರುತು ಹಾಕಿದ್ದರು. ಒಟ್ಟು ಸರಿಯಾಗಿಯೇ ಇತ್ತು. ಆದರೆ ಕೆಳಗೆ ಲಿಂಫೋಸೈಟ್ ಶೇಕಡಾ 14 ಎಂದಿತ್ತು. ನಮ್ಮ ಲ್ಯಾಬಿನವರು ಶೇಕಡಾವಾರು ಮಾತ್ರ ಅಚ್ಚು ಮಾಡುತ್ತಾರೆ, ತಜ್ಞರು ನೋಡುವುದು ಸಂಖ್ಯೆಯನ್ನು. ಏಳನೆಯ ತರಗತಿಯ ಗುಣಾಕಾರ: 728. 800ರ ಕೆಳಗಿಳಿದರೆ ಎಚ್ಚರ, 500ರ ಕೆಳಗೆ ಆರು ತಿಂಗಳು ಉಳಿದರೆ ಗುಳಿಗೆ ನಿಲ್ಲಿಸುವ ಮಾತು ಎಂದು ಪತ್ರದಲ್ಲಿದೆ. ವರದಿಯ ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ಬರೆದ 728ನ್ನು ನಮ್ಮ ಡಾಕ್ಟರು ನೋಡಿ, ಫೋಟೊ ತೆಗೆದು ತಾವೇ ಬೆಳಗಾವಿಗೆ ಕಳಿಸಿದರು. ಅವರಿಬ್ಬರೂ ನನ್ನ ನೆರವಿಲ್ಲದೆ ಮಾತಾಡಿದ್ದು ಅದೇ ಮೊದಲು.

ಆ ಮಾತಿನಲ್ಲಿ ತೀರ್ಮಾನವಾದದ್ದು ಹೀಗೆ. ಸದ್ಯ ಇದೇ ಗುಳಿಗೆ, ಆದರೆ ರಕ್ತ ತಿಂಗಳಿಗೊಮ್ಮೆ. ಸಂಖ್ಯೆ ಇನ್ನೂ ಇಳಿದರೆ ರಿಟುಕ್ಸಿಮ್ಯಾಬ್‌ಗೆ ಬದಲಾಯಿಸುವುದು. ಮೂಲತಃ ಲಿಂಫೋಮಾ ಎಂಬ ಕ್ಯಾನ್ಸರಿಗೆಂದು ಬಂದ ಈ ಔಷಧಿಯನ್ನು ಆರು ತಿಂಗಳಿಗೊಮ್ಮೆ ಸಲಾಯಿನ್‌ನಲ್ಲಿ ಕೊಡುತ್ತಾರೆ, ನಮ್ಮ ದೇಶದಲ್ಲಿ ಎಂ.ಎಸ್.ಗೆ ಅದರ ಬಳಕೆ ಸಾಕಷ್ಟಿದೆ. ಅದು ಶುರುವಾದ ಮೇಲೆ ಲಸಿಕೆಗಳು ಸರಿಯಾಗಿ ಹತ್ತುವುದಿಲ್ಲ, ಆದ್ದರಿಂದ ಕಾಮಾಲೆಯ ಹೆಪಟೈಟಿಸ್ ಬಿ ಲಸಿಕೆಯನ್ನು ಈಗಲೇ ಮುಗಿಸಬೇಕೆಂದು ತಜ್ಞರು ಹೇಳಿದ್ದಾರೆ. ಹಾಕುವವರು ಮನೆಯ ಡಾಕ್ಟರು. ಮೊದಲನೆಯದು ಕಳೆದ ತಿಂಗಳಾಯಿತು, ಎರಡನೆಯದು ಮೊನ್ನೆ ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ. ಮೂರನೆಯದರ ತಾರೀಖನ್ನು ಅವರು ಬೆಳಗಾವಿಯ ಪತ್ರದ ಹಿಂಬದಿಯಲ್ಲೇ ಬರೆದುಕೊಂಡಿದ್ದಾರೆ.